ಬೆಂಗಳೂರು ಜಪಾನಿಯಲ್ಲಿ 'ಬೆಂಗರೂರು': ದೇಶ, ನಗರಗಳ ಜಪಾನಿ ಹೆಸರುಗಳ ಪರಿಚಯ

ಮಲ್ಲಂದೂರು: ಚಿಕ್ಕಮಗಳೂರಿನಿಂದ ಮುತ್ತೋಡಿ ಅರಣ್ಯದ ಕಡೆಗೆ ಸಾಗುವ ರಸ್ತೆಯಲ್ಲಿ, ಕಾಫಿ ತೋಟಗಳ ನಡುವೆ ಸಿಗುವ ಊರು ಮಲ್ಲಂದೂರು. ಈ ಹೆಸರನ್ನು ಜಪಾನಿ ಭಾಷೆಯಲ್ಲಿ ಬರೆಯುವುದು ಹೇಗೆ? ಜಪಾನಿ ಕಲಿಯಲು ಹೊರಟವರಿಗೆ ಇದು ಒಳ್ಳೆಯ ಪರೀಕ್ಷೆ. ದೇಶ ಮತ್ತು ನಗರಗಳ ಹೆಸರನ್ನು ಆ ಭಾಷೆ ಹೇಗೆ ತನ್ನದಾಗಿಸಿಕೊಳ್ಳುತ್ತದೆ ಎಂಬುದರ ಬಹುಪಾಲು ನಿಯಮಗಳು ಈ ಒಂದೇ ಹೆಸರಿನಲ್ಲಿ ಅಡಗಿವೆ.

ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ತಲೆಯೆತ್ತಿದ ನಂತರದ ವರ್ಷಗಳಲ್ಲಿ ರಾಜ್ಯದಲ್ಲಿ ಜಪಾನಿ ಕಲಿಯುವವರ ಕಾರಣಗಳು ಹೆಚ್ಚಾದವು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಈ ಭಾಷೆಯ ಬೋಧನೆಯಿದೆ. 1984ರಲ್ಲಿ ಆರಂಭವಾದ ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆಗೆ ಬೆಂಗಳೂರೂ ಒಂದು ಕೇಂದ್ರ. 2010ರಿಂದ ಈ ಪರೀಕ್ಷೆಯಲ್ಲಿ ಐದು ಹಂತಗಳಿವೆ. ಮೊದಲ ಹಂತದ ವಿದ್ಯಾರ್ಥಿ 'ನಾನು ಭಾರತದವನು, ಬೆಂಗಳೂರಿನಿಂದ ಬಂದಿದ್ದೇನೆ' ಎಂದು ಹೇಳಲು ಕಲಿಯುವಾಗಲೇ ಸ್ಥಳನಾಮಗಳ ಪ್ರಶ್ನೆ ಎದುರಾಗುತ್ತದೆ. ಹೆಚ್ಚಿನವರು ಇಲ್ಲಿ ಇಂಗ್ಲಿಷ್ ಹೆಸರನ್ನು ಹಿಡಿದು ಜಪಾನಿಗೆ ಹೋಗಲು ಯತ್ನಿಸಿ ಎಡವುತ್ತಾರೆ. ಕನ್ನಡ ಬಲ್ಲವರಿಗೆ ಆ ಸುತ್ತುದಾರಿಯ ಅಗತ್ಯವೇ ಇಲ್ಲ.

ಕಾಗುಣಿತದ ನಂಟು

ಜಪಾನಿಯಲ್ಲಿ ಮೂರು ಬಗೆಯ ಬರವಣಿಗೆಗಳಿವೆ. ಚೀನಾದಿಂದ ಬಂದ ಚಿತ್ರಲಿಪಿ 'ಕಂಜಿ'. ದೇಶೀ ಪದ ಹಾಗೂ ಪ್ರತ್ಯಯಗಳಿಗೆ 'ಹಿರಗನ'. ವಿದೇಶಿ ಪದಗಳಿಗೆ 'ಕತಕನ'. ಹೊರದೇಶಗಳ ಊರು, ದೇಶಗಳ ಹೆಸರುಗಳು ಇಂದು ಸಾಮಾನ್ಯವಾಗಿ ಕತಕನದಲ್ಲಿರುತ್ತವೆ.

ಕತಕನದ ಮೂಲಾಕ್ಷರಗಳು 46. ಒಂದೊಂದು ಅಕ್ಷರವೂ ಸ್ವರಸಹಿತವಾದ ಪೂರ್ಣ ಉಚ್ಚಾರ. ಅಕ್ಷರಗಳ ಕ್ರಮ ಕನ್ನಡಿಗರಿಗೆ ಅಪರಿಚಿತವಲ್ಲ: ಅ, ಇ, ಉ, ಎ, ಒ; ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳು ಸಂಸ್ಕೃತವನ್ನೂ ಸಿದ್ಧಂ ಲಿಪಿಯನ್ನೂ ಅಭ್ಯಾಸ ಮಾಡಿದ್ದರ ಫಲ ಈ ವರ್ಣಕ್ರಮ. 'ಹ' ಇರುವ ಜಾಗ ನಮ್ಮ 'ಪ' ವರ್ಗದ್ದು. ಹಿಂದೆ ಅದರ ಉಚ್ಚಾರವೂ 'ಪ'ಕಾರವೇ ಆಗಿತ್ತು.

ಹೋಲಿಕೆ ಇಲ್ಲಿಗೆ ನಿಲ್ಲುವುದಿಲ್ಲ. ದೀರ್ಘ ಸ್ವರಕ್ಕೆ ಅಕ್ಷರದ ಮುಂದೆ ಒಂದು ಗೆರೆ ಎಳೆಯುತ್ತಾರೆ. ಅದು ನಮ್ಮ ದೀರ್ಘದ ಕೆಲಸವನ್ನೇ ಮಾಡುತ್ತದೆ. ದ್ವಿತ್ವಕ್ಕೆ ಚಿಕ್ಕ ಗಾತ್ರದ 'ತ್ಸು' ಅಕ್ಷರ ಬರುತ್ತದೆ. ಅದು ನಮ್ಮ ಸಜಾತೀಯ ಒತ್ತಕ್ಷರ. ಸ್ವರವಿಲ್ಲದೆ ನಿಲ್ಲುವ ಏಕೈಕ ವ್ಯಂಜನ 'ನ್'. ಅದು ಮುಂದಿನ ಅಕ್ಷರಕ್ಕೆ ತಕ್ಕಂತೆ ಙ, ನ, ಮ ಎಂದು ದನಿ ಬದಲಿಸುತ್ತದೆ, ಥೇಟ್ ನಮ್ಮ ಸೊನ್ನೆಯಂತೆ. ವಿದೇಶಿ ಪದದ ಕೊನೆಗೆ ಸ್ವರ ಸೇರಿಸುವ ರೂಢಿಯೂ ಎರಡೂ ಭಾಷೆಗಳಿಗೆ ಸಮಾನ. ನಾವು 'ಬಸ್ಸು', 'ರೂಮು' ಎಂದರೆ ಅವರು 'ಬಸು', 'ರೂಮು' ಎನ್ನುತ್ತಾರೆ.

ಇನ್ನು ಕಳೆದುಹೋಗುವ ದನಿಗಳು. ಜಪಾನಿಯಲ್ಲಿ ಮಹಾಪ್ರಾಣಗಳಿಲ್ಲ, ಟ-ತ, ಡ-ದ ಭೇದವಿಲ್ಲ. ಲ, ಳ, ರ ಮೂರಕ್ಕೂ ಒಂದೇ ಅಕ್ಷರ. ಹೀಗಾಗಿ ಲಂಡನ್ 'ರೊಂದೊನ್' ಆಗುತ್ತದೆ, ಬರ್ಲಿನ್ 'ಬೆರುರಿನ್', ದೆಹಲಿ 'ದೆರೀ'. ತಕಾರದ ಸಾಲಿನಲ್ಲಿ ಮತ್ತೊಂದು ತೊಡಕಿದೆ. ಆ ಸಾಲು ತ, ಚಿ, ತ್ಸು, ತೆ, ತೊ ಎಂದು ಸಾಗುತ್ತದೆ. 'ತು', 'ದು' ಇಲ್ಲ. ಆದ್ದರಿಂದ ಸ್ವರವಿಲ್ಲದ ತ್, ದ್ ಬಂದಾಗ 'ಉ' ಬದಲು 'ಒ' ಸೇರುತ್ತದೆ. ಮದ್ರಾಸ್ 'ಮದೊರಸು' ಆದದ್ದು ಹೀಗೆ.

ಈಗ ಮಲ್ಲಂದೂರಿಗೆ ಬರೋಣ. 'ಮ' ಇದ್ದಂತೆಯೇ ಇರುತ್ತದೆ. 'ಲ್ಲ' ಬರೆಯಲು ಚಿಕ್ಕ 'ತ್ಸು' ಮತ್ತು 'ರ' ಬೇಕು. ಸೊನ್ನೆಗೆ 'ನ್' ಸಿದ್ಧವಾಗಿದೆ. 'ದೂ' ಎಂಬ ಅಕ್ಷರವಿಲ್ಲವಾದ್ದರಿಂದ 'ದೊ' ಬರೆದು, ಪಕ್ಕದಲ್ಲಿ ಚಿಕ್ಕ 'ಉ' ಇಟ್ಟು, ದೀರ್ಘದ ಗೆರೆ ಎಳೆಯಬೇಕು. ಕೊನೆಗೆ 'ರು'. ಒಟ್ಟು ಎಂಟು ಚಿಹ್ನೆಗಳಲ್ಲಿ 'ಮರ್ರಂದೂರು' ಸಿದ್ಧ. ಜಪಾನಿಯರ ನಾಲಗೆಗೆ ರಕಾರದ ದ್ವಿತ್ವ ಒಗ್ಗದು. ಮಾತಿನಲ್ಲಿ ಅದು 'ಮರಂದೂರು' ಎಂದೇ ಸಡಿಲಗೊಳ್ಳಬಹುದು. ಆದರೆ ಒಂದು ಅಂಶ ಗಮನಾರ್ಹ. ಇಂಗ್ಲಿಷ್ ಕಾಗುಣಿತ ದಶಕಗಳ ಕಾಲ ನುಂಗಿಹಾಕಿದ್ದ, ನಮ್ಮ ಊರುಗಳ ಕೊನೆಯ 'ಉ'ಕಾರ ಜಪಾನಿಯಲ್ಲಿ ತಾನಾಗಿಯೇ ಮರಳಿ ಬರುತ್ತದೆ. ಇಂಗ್ಲಿಷಿನ 'ಬ್ಯಾಂಗಲೋರ್' ಕೂಡ ಅಲ್ಲಿ 'ಬಂಗರೋರು' ಆಗಿತ್ತು.

ಹೆಸರು ತಂದವರು ಯಾರು?

ನಿಯಮ ಕಲಿತ ಮಾತ್ರಕ್ಕೆ ಎಲ್ಲ ಹೆಸರುಗಳೂ ಕೈಗೆ ಸಿಗುವುದಿಲ್ಲ. ಬ್ರಿಟನ್ನಿಗೆ ಜಪಾನಿಯರು 'ಇಗಿರಿಸು' ಎನ್ನುತ್ತಾರೆ, ಜರ್ಮನಿಗೆ 'ದೊಯಿತ್ಸು', ಹಾಲೆಂಡಿಗೆ 'ಒರಂದ', ತುರ್ಕಿಗೆ 'ತೊರುಕೊ'. ಗ್ರೀಸ್ ದೇಶಕ್ಕಂತೂ 'ಗಿರಿಶ' ಎಂಬ, ನಮ್ಮ ಮನೆಮಗನಂತೆ ಕೇಳಿಸುವ ಹೆಸರು. ಇವು ಇಂಗ್ಲಿಷಿನಿಂದ ಬಂದವಲ್ಲ.

ಪೋರ್ಚುಗೀಸರು ಜಪಾನಿನ ತನೆಗಶಿಮ ದ್ವೀಪ ತಲುಪಿದ್ದು 1543ರಲ್ಲಿ. ಯೂರೋಪಿನ ದೇಶಗಳ ಹೆಸರನ್ನು ಜಪಾನಿಯರು ಮೊದಲು ಕೇಳಿದ್ದು ಅವರ ಬಾಯಿಂದ. ಇಂಗ್ಲಿಷರನ್ನು ಪೋರ್ಚುಗೀಸರು 'ಇಂಗ್ಲೆಸ್' ಎನ್ನುತ್ತಿದ್ದರು, ಅದೇ 'ಇಗಿರಿಸು'. ಅವರು 'ಹೊಲಾಂಡ' ಎಂಬುದರ ಹಕಾರವನ್ನು ಉಚ್ಚರಿಸುವುದಿಲ್ಲ, ಅದಕ್ಕೇ 'ಒರಂದ'. ನಂತರ ಜಪಾನ್ ಬಾಗಿಲು ಮುಚ್ಚಿಕೊಂಡಿತು. 1641ರಿಂದ ನಾಗಸಾಕಿಯ ದೆಜಿಮ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ಡಚ್ಚರಿಗೆ ಮಾತ್ರ ನೆಲೆ. ಯೂರೋಪಿನ ವಿದ್ಯೆಯೆಲ್ಲ ಎರಡು ಶತಮಾನಗಳ ಕಾಲ ಆ ಕಿಂಡಿಯಿಂದಲೇ ಒಳಬಂದಿತು. ಜರ್ಮನ್ ಎಂಬುದಕ್ಕೆ ಡಚ್ಚರ ಪದವಾದ 'ಡೌಟ್ಸ್' ಜಪಾನಿನ 'ದೊಯಿತ್ಸು'ವಿಗೆ ಮೂಲ. 'ಕೋಹೀ' ಎಂಬ ಕಾಫಿಯ ಹೆಸರೂ ಡಚ್ಚರದೇ.

ದೇಶದ ಹೆಸರು ತರಕಾರಿಗೂ ಅಂಟಿತು. ಸಿಹಿಗುಂಬಳಕ್ಕೆ ಜಪಾನಿನಲ್ಲಿ 'ಕಬೊಚ' ಎನ್ನುತ್ತಾರೆ. ಅದು ಕಾಂಬೋಡಿಯಾದ ಹೆಸರು. ಆಲೂಗೆಡ್ಡೆ 'ಜಗಯಿಮೊ', ಅಂದರೆ ಜಕಾರ್ತದ ಗೆಡ್ಡೆ. ಮಲೆನಾಡು, ಕರಾವಳಿಯಲ್ಲಿ ಇದೇ ಸಿಹಿಗುಂಬಳವನ್ನು ಚೀನಿಕಾಯಿ ಎನ್ನುವುದನ್ನೂ, ಪಪ್ಪಾಯಿ ನಮ್ಮಲ್ಲಿ ಪರಂಗಿ ಹಣ್ಣಾದುದನ್ನೂ ನೆನೆದರೆ ಇದು ವಿಚಿತ್ರವೆನಿಸದು.

ನಗರಗಳ ವಿಷಯದಲ್ಲಿ ಜಪಾನಿಯರು ಬಹುಮಟ್ಟಿಗೆ ಆಯಾ ಊರಿನವರ ಉಚ್ಚಾರವನ್ನೇ ಅನುಸರಿಸುತ್ತಾರೆ. ವಿಯೆನ್ನಾ ಅವರಿಗೆ 'ವೀನ್', ಮ್ಯೂನಿಕ್ 'ಮ್ಯುನ್‌ಹೆನ್', ಮಾಸ್ಕೋ 'ಮೊಸುಕುವ', ವಾರ್ಸಾ 'ವರುಶವ', ಪ್ರಾಗ್ 'ಪುರಹ', ನೇಪಲ್ಸ್ 'ನಪೊರಿ', ರೋಮ್ 'ರೋಮ', ಪ್ಯಾರಿಸ್ 'ಪರಿ'. ಕನ್ನಡ ಪತ್ರಿಕೆಗಳು ಇಂದಿಗೂ ಇಂಗ್ಲಿಷ್ ಸುದ್ದಿಸಂಸ್ಥೆಗಳ ಕಾಗುಣಿತವನ್ನೇ ನಂಬಿರುವುದರಿಂದ ಇವು ಓದುಗರಿಗೆ ಹೊಸದೆನಿಸುತ್ತವೆ. ಚೀನಾದ ನಗರಗಳದು ಬೇರೆಯೇ ಕಥೆ. ಪೆಕಿನ್, ಶಾಂಘೈಗಳಂಥ ಕೆಲವನ್ನು ಬಿಟ್ಟರೆ, ಚಿತ್ರಲಿಪಿಯನ್ನು ಹಾಗೆಯೇ ಉಳಿಸಿಕೊಂಡು ಜಪಾನಿ ಉಚ್ಚಾರದಲ್ಲಿ ಓದುವುದೇ ವಾಡಿಕೆ. ಗ್ವಾಂಗ್‌ಝೌ 'ಕೋಶೂ' ಆಗುತ್ತದೆ, ಚೋಂಗ್‌ಕಿಂಗ್ 'ಜೂಕೇ'. ಕೇಳಿ ಗುರುತಿಸುವುದು ಅಸಾಧ್ಯ, ಬಾಯಿಪಾಠವೇ ಗತಿ.

ಅಕ್ಕಿಯ ದೇಶ, ಬುದ್ಧನ ದೇಶ

ಪತ್ರಿಕೆಗಳ ಶೀರ್ಷಿಕೆ ಓದಬೇಕಾದರೆ ಇನ್ನೊಂದು ಪಾಠ ಬೇಕು. ಕತಕನ ಸಾರ್ವತ್ರಿಕವಾಗುವ ಮುನ್ನ ದೇಶಗಳ ಹೆಸರನ್ನು ದನಿಗೆ ಹೊಂದುವ ಚಿತ್ರಾಕ್ಷರಗಳಲ್ಲಿ ಬರೆಯುತ್ತಿದ್ದರು. ಅರ್ಥ ಮುಖ್ಯವಾಗಿರಲಿಲ್ಲ. ಆ ಪದ್ಧತಿ ಹಿಂದೆ ಸರಿದರೂ ಒಂದೊಂದು ದೇಶಕ್ಕೆ ಒಂದೊಂದು ಅಕ್ಷರ ಸಂಕೇತವಾಗಿ ಉಳಿಯಿತು. ಅಮೆರಿಕದ ಪಾಲಿಗೆ ಬಂದದ್ದು ಅಕ್ಕಿ ಎಂಬರ್ಥದ 'ಬೇ'. ಆದ್ದರಿಂದ 'ಬೇಕೊಕು' ಎಂದರೆ ಅಕ್ಷರಶಃ ಅಕ್ಕಿಯ ದೇಶ. ಚೀನೀಯರು ಅದೇ ದೇಶಕ್ಕೆ ಸುಂದರ ಎಂಬರ್ಥದ ಅಕ್ಷರ ಕೊಟ್ಟಿದ್ದಾರೆ. ಹಾಲೆಂಡಿಗೆ ಸಿಕ್ಕಿದ್ದು ಆರ್ಕಿಡ್ ಹೂವು. ಫ್ರಾನ್ಸಿನ ಸಂಕೇತ, ಬುದ್ಧ ಎಂಬರ್ಥದ 'ಫುತ್ಸು'.

ಬುದ್ಧ ಹುಟ್ಟಿದ ಸೀಮೆಗೆ ಆ ಅಕ್ಷರ ದಕ್ಕಲಿಲ್ಲ. ಭಾರತದ ಸಂಕೇತ 'ಇನ್'. ಅದರ ಅರ್ಥ ಮುದ್ರೆ ಅಥವಾ ಗುರುತು. ಜಪಾನ್-ಭಾರತ ಸಂಬಂಧ ಎಂಬುದನ್ನು ಅಲ್ಲಿನ ಪತ್ರಿಕೆಗಳು 'ನಿಚಿ-ಇನ್' ಎಂದು ಎರಡೇ ಅಕ್ಷರಗಳಲ್ಲಿ ಮುಗಿಸುತ್ತವೆ. ದೇಶದ ಈಗಿನ ಹೆಸರು 'ಇಂದೊ'. ಅದಕ್ಕೂ ಹಿಂದೆ ಶತಮಾನಗಳ ಕಾಲ ಭಾರತವನ್ನು ಅವರು ಕರೆಯುತ್ತಿದ್ದುದು 'ತೆಂಜಿಕು' ಎಂದು. 736ರಲ್ಲಿ ಜಪಾನಿಗೆ ಬಂದು, 752ರಲ್ಲಿ ನಾರಾ ನಗರದ ತೋದೈಜಿ ದೇವಾಲಯದ ಮಹಾಬುದ್ಧನಿಗೆ ನೇತ್ರೋನ್ಮೀಲನ ನೆರವೇರಿಸಿದ ಭಿಕ್ಷು ಬೋಧಿಸೇನ ಬಂದದ್ದು ಈ ತೆಂಜಿಕುವಿನಿಂದ.

ಹೆಸರು ಬದಲಿಸುವ ಸರ್ಕಾರ

ಜಪಾನಿನಲ್ಲಿ ವಿದೇಶಗಳ ಹೆಸರು ಕೇವಲ ರೂಢಿಯ ವಿಷಯವಲ್ಲ. ರಾಯಭಾರ ಕಚೇರಿಗಳ ಹೆಸರು ಮತ್ತು ಸ್ಥಳಗಳನ್ನು ನಿಗದಿಪಡಿಸುವ ಕಾನೂನಿದೆ. ಸರ್ಕಾರಿ ಬರವಣಿಗೆ ಅದನ್ನು ಅನುಸರಿಸುತ್ತದೆ. ರಷ್ಯನ್ ಮೂಲದ 'ಗುರುಜಿಅ' ಎಂಬ ಹೆಸರು ಬೇಡವೆಂದು ಜಾರ್ಜಿಯಾ ದೇಶ ಕೇಳಿಕೊಂಡ ಮೇಲೆ, 2015ರ ಏಪ್ರಿಲ್‌ನಲ್ಲಿ ಅದು 'ಜೋಜಿಅ' ಆಯಿತು. ತಮಾಷೆಯೆಂದರೆ 1975ರಿಂದಲೂ ಜಪಾನಿಯರಿಗೆ 'ಜೋಜಿಅ' ಎಂದರೆ ಡಬ್ಬಿಯಲ್ಲಿ ಮಾರುವ ಕಾಫಿ. ಕೋಕಾ-ಕೋಲಾ ತನ್ನ ತವರಾದ ಅಮೆರಿಕದ ಜಾರ್ಜಿಯಾ ರಾಜ್ಯದ ಹೆಸರನ್ನು ಆ ಪಾನೀಯಕ್ಕೆ ಇಟ್ಟಿತ್ತು. 2022ರ ಮಾರ್ಚ್ 31ರಂದು ಉಕ್ರೇನ್ ರಾಜಧಾನಿಯ ರಷ್ಯನ್ ರೂಪ 'ಕಿಎಫು' ಕೈಬಿಟ್ಟು ಉಕ್ರೇನಿ ರೂಪ 'ಕೀಉ' ಬಳಸಲು ಸರ್ಕಾರ ನಿರ್ಧರಿಸಿತು. ಯುದ್ಧ ಆರಂಭವಾಗಿ ಆಗ ಐದು ವಾರವಾಗಿತ್ತಷ್ಟೆ.

ಭಾರತದ ನಗರಗಳೂ ಹೀಗೆ ರೂಪ ಬದಲಿಸಿವೆ. 'ಬೊನ್‌ಬೇ' ಹೋಗಿ 'ಮುನ್‌ಬೈ', 'ಕರುಕತ್ತ' ಹೋಗಿ 'ಕೊರುಕತ' ಬಂದವು. 'ಮದೊರಸು' ಜಾಗಕ್ಕೆ 'ಚೆನ್ನೈ' ಬಂದರೂ ಚೌಕಳಿ ಬಟ್ಟೆಯ ಹೆಸರಿನಲ್ಲಿ ಹಳೆಯ ರೂಪ ಉಳಿದುಕೊಂಡಿದೆ. ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾಯಿತು. ಬೆಂಗಳೂರಿನಲ್ಲಿರುವ ಜಪಾನಿನ ಕಾನ್ಸುಲೇಟ್ ಜನರಲ್ ಕಚೇರಿ ತನ್ನ ಹೆಸರಿನಲ್ಲಿ 'ಬೆಂಗರೂರು' ಎಂಬ ರೂಪವನ್ನೇ ಬಳಸುತ್ತದೆ. ಹಳೆಯ ಪಠ್ಯಪುಸ್ತಕದಿಂದ 'ಬಂಗರೋರು' ಕಲಿತವರು ತಿದ್ದಿಕೊಳ್ಳಬೇಕು.

ಕಾಫಿ ಚೀಲದ ಮೇಲಿನ ಹೆಸರು

ಸ್ಥಳನಾಮದ ಬೆಲೆ ಏನೆಂಬುದು ಕಾಫಿ ವ್ಯಾಪಾರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಜಪಾನಿನ ಕಾಫಿ ಅಂಗಡಿಗಳಲ್ಲಿ ಬೀಜ ಮಾರಾಟವಾಗುವುದು ಊರು, ಬೆಟ್ಟ, ಬಂದರುಗಳ ಹೆಸರಿನಲ್ಲಿ. ಟಾಂಜಾನಿಯಾದ ಅರೇಬಿಕಾ ಅಲ್ಲಿ 'ಕಿರಿಮಂಜರೊ'. 'ಮೊಕ' ಎಂಬುದು ಯೆಮೆನ್ ಕಾಫಿಗೂ ಇಥಿಯೋಪಿಯಾದ ಕಾಫಿಗೂ ಸಲ್ಲುವ ಹೆಸರು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯದಲ್ಲಿ ಬರುವ ಮೋಕಾ ಬಂದರು ಇದೇ. ಆ ಬಂದರಿನ ಹೆಸರು ಜಪಾನಿನ ಕಾಫಿ ಪ್ರಿಯರಿಗೆ ಚಿರಪರಿಚಿತ.

ಗಿರಿಸೀಮೆಯ ಕಾಫಿಗೂ ಈಗ ತನ್ನದೇ ಹೆಸರಿನ ಹಕ್ಕಿದೆ. 2019ರ ಮಾರ್ಚ್‌ನಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಮತ್ತು ಕೊಡಗು ಅರೇಬಿಕಾ ಸೇರಿದಂತೆ ದೇಶದ ಐದು ಕಾಫಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಪ್ರಕಟವಾಯಿತು. ಭಾರತದ ಈ ನೋಂದಣಿ ಜಪಾನಿನಲ್ಲಿ ತಾನಾಗಿ ಅನ್ವಯಿಸುವುದಿಲ್ಲ. ಅಲ್ಲಿ 2015ರ ಜೂನ್‌ನಿಂದ ಜಾರಿಯಲ್ಲಿರುವ ಪ್ರತ್ಯೇಕ ಕಾನೂನಿದೆ.

ತೊಡಕಿರುವುದು ಕಾಗುಣಿತದಲ್ಲಿ. ಭೌಗೋಳಿಕ ಸೂಚಕದ ಇಂಗ್ಲಿಷ್ ಹೆಸರು ಹಳೆಯ 'ಚಿಕ್‌ಮಗಳೂರ್' ರೂಪದಲ್ಲಿದೆ. ನಗರದ ಅಧಿಕೃತ ಹೆಸರು 2014ರಿಂದ ಚಿಕ್ಕಮಗಳೂರು. ಮೊದಲನೆಯದನ್ನು ಕತಕನಕ್ಕೆ ಇಳಿಸಿದರೆ 'ಚಿಕುಮಗರೂರು' ಆಗುತ್ತದೆ, ಎರಡನೆಯದು 'ಚಿಕ್ಕಮಗರೂರು'. ನಮ್ಮ ಕಿವಿಗೆ ಇದು ಸಣ್ಣ ವ್ಯತ್ಯಾಸ. ಆದರೆ ಅಕ್ಷರಗಳು ಬೇರೆಯಾದ ಕಾರಣ ಜಪಾನಿ ಅಕಾರಾದಿಯಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ, ಹುಡುಕುವವನಿಗೆ ಅವು ಎರಡು ಊರುಗಳು. ಚಿಕ್ಕ 'ತ್ಸು' ಅಕ್ಷರದಿಂದ ಬರೆದ ರೂಪ ಕನ್ನಡದ 'ಕ್ಕ' ಒತ್ತನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಮಲ್ಲಂದೂರು, ಮೂಡಿಗೆರೆ, ಕಳಸಗಳ ತೋಟಗಳಿಂದ ಹೊರಡುವ ಚೀಲಕ್ಕೆ ಜಪಾನಿ ಚೀಟಿ ಅಂಟಿಸುವವರು ಮುದ್ರಣಕ್ಕೆ ಕೊಡುವ ಮುನ್ನ ಇಂಗ್ಲಿಷ್ ಹೆಸರನ್ನಲ್ಲ, ಕನ್ನಡದ ಹೆಸರನ್ನು ಓದಿ ಕೇಳಿಸಿದರೆ ಅನುವಾದಕರಿಗೆ ಸರಿಯಾದ ರೂಪ ಸಿಗುತ್ತದೆ.