ಮಹಾನಗರ: ಜನಸಂಖ್ಯಾ ಮಾನದಂಡದ ಇತಿಹಾಸ

ಒಂದು ಊರು ದೊಡ್ಡ ನಗರ ಎನಿಸಿಕೊಳ್ಳಲು ಅಲ್ಲಿ ಕನಿಷ್ಠ ಎಷ್ಟು ಜನ ವಾಸವಿರಬೇಕು ಎಂಬುದಕ್ಕೆ ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಒಪ್ಪುವ ಅಂಕಿ ಇಲ್ಲ. ಭಾರತವೊಂದರಲ್ಲೇ ಒಂದು ಲಕ್ಷ, ಮೂರು ಲಕ್ಷ, ಹತ್ತು ಲಕ್ಷ, ಐವತ್ತು ಲಕ್ಷ ಎಂಬ ಮಿತಿಗಳು ಬೇರೆ ಬೇರೆ ಉದ್ದೇಶಗಳಿಗಾಗಿ ಬಳಕೆಯಲ್ಲಿವೆ. ಕೈಪಿಡಿಗಳು ಸಾಮಾನ್ಯವಾಗಿ ಇವನ್ನು ಪಟ್ಟಿ ಮಾಡಿ ಸುಮ್ಮನಾಗುತ್ತವೆ. ಆದರೆ ಯಾವ ಊರು ಯಾವಾಗ ಮಿತಿ ದಾಟಿತು ಎಂಬುದನ್ನು ಅಂಕಿಗಿಂತ ಹೆಚ್ಚಾಗಿ ಎಣಿಕೆಗೆ ಹಾಕಿಕೊಂಡ ಗಡಿಯೇ ನಿರ್ಧರಿಸಿದೆ. ಆಕರಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಜನಗಣತಿಗೆ ಮುಂಚೆ ಊರಿನ ದೊಡ್ಡತನವನ್ನು ಕೋಟೆ, ಪೇಟೆ, ಅರಮನೆಗಳಿಂದ ಅಳೆಯುತ್ತಿದ್ದರು. 16ನೇ ಶತಮಾನದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರವನ್ನು ಗಾತ್ರದಲ್ಲಿ ರೋಮ್‌ಗೆ ಹೋಲಿಸಿದ್ದಾನೆ. ಆ ಪಟ್ಟಣದಲ್ಲಿ ಇಷ್ಟು ಲಕ್ಷ ಜನರಿದ್ದರು ಎಂದು ಇಂದು ಹೇಳುವುದೆಲ್ಲ ಈಚಿನವರ ಅಂದಾಜು.

ಒಂದು ಲಕ್ಷದ ಮಿತಿಗೆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದ್ದು 1887ರಲ್ಲಿ, ರೋಮ್‌ನಲ್ಲಿ ಸೇರಿದ್ದ ಸಂಖ್ಯಾಶಾಸ್ತ್ರಜ್ಞರ ಅಧಿವೇಶನದಲ್ಲಿ. ಜರ್ಮನಿಯಲ್ಲಿ ಇಂದಿಗೂ ಇದೇ ಅಳತೆ. ಭಾರತದ 1901ರ ಗಣತಿಯೂ ಲಕ್ಷ ಜನರಿರುವ ಪಟ್ಟಣವನ್ನೇ ‘ಸಿಟಿ’ ಎಂದಿತು. ಜೊತೆಗೆ, ಪ್ರಾಂತ್ಯದ ಗಣತಿ ಅಧಿಕಾರಿ ಬಯಸಿದರೆ ಅದಕ್ಕಿಂತ ಸಣ್ಣ ಊರನ್ನೂ ಆ ಸಾಲಿಗೆ ಸೇರಿಸಬಹುದು ಎಂಬ ವಿನಾಯಿತಿಯನ್ನೂ ಇಟ್ಟುಕೊಂಡಿತು.

ಈ ಮಿತಿಯನ್ನು ಬೆಂಗಳೂರಿಗೆ ಅನ್ವಯಿಸಿದಾಗ ತೊಡಕು ಎದುರಾಗುತ್ತದೆ. 1881ರಲ್ಲಿ ಮೈಸೂರು ಅರಸರಿಗೆ ರಾಜ್ಯ ಮರಳಿದರೂ ದಂಡು ಪ್ರದೇಶ, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷರ ಕೈಯಲ್ಲೇ ಉಳಿಯಿತು. 1891ರಲ್ಲಿ ನಗರದಲ್ಲಿ 80,285, ದಂಡಿನಲ್ಲಿ 1,00,081 ಜನರಿದ್ದರು. ಹೀಗಾಗಿ ಬಿಡಿಬಿಡಿಯಾಗಿ ನೋಡಿದರೆ ಲಕ್ಷದ ಗೆರೆ ಮೊದಲು ದಾಟಿದ್ದು ದಂಡು, ಅದೂ ಕೂದಲೆಳೆಯ ಅಂತರದಲ್ಲಿ. 1898ರ ಪ್ಲೇಗ್ ಎರಡನ್ನೂ ಕುಗ್ಗಿಸಿತು. 1901ರಲ್ಲಿ ನಗರದ ಲೆಕ್ಕ 69,447ಕ್ಕೆ, ದಂಡಿನದು 89,599ಕ್ಕೆ ಇಳಿಯಿತು. ಕೂಡಿಸಿದರೆ 1,59,046 ಜನರ ನಗರ. ಬಿಡಿಸಿದರೆ ಲಕ್ಷ ಮುಟ್ಟದ ಎರಡು ಪಟ್ಟಣ. ಇವು ಒಂದೇ ಪಾಲಿಕೆಯಾದದ್ದು 1949ರಲ್ಲಿ. ಅದಕ್ಕೂ ಹಿಂದಿನ ‘ಬೆಂಗಳೂರಿನ ಜನಸಂಖ್ಯೆ’ ಎಂದು ಯಾರೇ ಉಲ್ಲೇಖಿಸಿದರೂ, ಯಾವ ಬೆಂಗಳೂರು ಎಂದು ಕೇಳಲೇಬೇಕಾಗುತ್ತದೆ.

ಸ್ವಾತಂತ್ರ್ಯಾನಂತರದ ಪ್ರಗತಿ ಚೆನ್ನಾಗಿ ದಾಖಲಾಗಿದೆ. 1961ರ ಗಣತಿ ಪಟ್ಟಣಕ್ಕೆ ಖಚಿತ ಲಕ್ಷಣಗಳನ್ನು ಕೊಟ್ಟಿತು: 5,000 ಜನ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಕೃಷಿಯೇತರ ವೃತ್ತಿಯವರು, ಚದರ ಮೈಲಿಗೆ ಸಾವಿರ ಜನರ ಸಾಂದ್ರತೆ. ಲಕ್ಷ ಮೀರಿದವು ಮೊದಲ ವರ್ಗದ ನಗರಗಳಾದವು. ಅಂಥವು ಹೆಚ್ಚುತ್ತಾ ಹೋದಂತೆ ‘ದೊಡ್ಡದು’ ಎಂಬ ಹಿರಿಮೆ ಹತ್ತು ಲಕ್ಷಕ್ಕೆ ಜಿಗಿಯಿತು. 1951ರಲ್ಲಿ ಹತ್ತು ಲಕ್ಷ ದಾಟಿದ್ದವು ಐದು ನಗರಗಳು. 1961ರಲ್ಲಿ ಬೆಂಗಳೂರು, ಅಹಮದಾಬಾದ್ ಸೇರಿ ಏಳಾದವು. 2011ರ ಹೊತ್ತಿಗೆ 53.

ಕಾನೂನು ಈ ಅಂಕಿಯನ್ನು ಎರಡು ಕಡೆ ಅಳವಡಿಸಿಕೊಂಡಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 8ನೇ ಕಲಮು ಹತ್ತು ಲಕ್ಷ ಮೀರಿದ ನಗರವನ್ನು ಮಹಾನಗರ ಪ್ರದೇಶವೆಂದು ಘೋಷಿಸಲು ಅವಕಾಶ ಕೊಟ್ಟಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ವರ್ಗವನ್ನೇ ಕೈಬಿಟ್ಟಿದೆ. ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಮಾತ್ರ ಹತ್ತು ಲಕ್ಷ ಹಾಗೆಯೇ ಉಳಿದಿದೆ. ಕರ್ನಾಟಕದಲ್ಲಿ ಮಹಾನಗರ ಪಾಲಿಕೆಗೆ ಮೂರು ಲಕ್ಷ ಜನ ಸಾಕು. ಅಂದರೆ ರಾಜ್ಯದ ಕಾಯ್ದೆಯಲ್ಲಿ ‘ಮಹಾನಗರ’ವಾದದ್ದು ಸಂವಿಧಾನದ ಲೆಕ್ಕದಲ್ಲಿ ಮಹಾನಗರವಲ್ಲದಿರಬಹುದು.

ಸಂಬಳದಾರರ ಲೆಕ್ಕ ಇನ್ನೊಂದು ಬಗೆ. ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆಗೆ ಆರನೇ ವೇತನ ಆಯೋಗದ ನಂತರ ಐವತ್ತು ಲಕ್ಷ ಮೀರಿದವು ಎಕ್ಸ್, ಐದರಿಂದ ಐವತ್ತು ಲಕ್ಷದವು ವೈ, ಉಳಿದವು ಜೆಡ್. ಬೆಂಗಳೂರು ಎಕ್ಸ್, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ವೈ. ಆದಾಯ ತೆರಿಗೆ ನಿಯಮ ಮಾತ್ರ ಜನಸಂಖ್ಯೆಯನ್ನು ನೋಡದೆ ಮುಂಬೈ, ಕೋಲ್ಕತ್ತ, ದೆಹಲಿ, ಚೆನ್ನೈ ಎಂದು ಹೆಸರು ಹಿಡಿದು ಪಟ್ಟಿ ಮಾಡಿತು. ಹೀಗಾಗಿ ಬಾಡಿಗೆ ವಿನಾಯಿತಿಯ ಮಟ್ಟಿಗೆ ಬೆಂಗಳೂರು ದಶಕಗಳ ಕಾಲ ದೊಡ್ಡ ನಗರವಾಗಿರಲಿಲ್ಲ.

ಈಚಿನ ದಾಖಲೆಗಳಲ್ಲಿ ಹೆಚ್ಚು ವಿವಾದಕ್ಕೆ ಎಡೆಕೊಟ್ಟದ್ದು 1971ರ ಗಣತಿ ತಂದ ‘ನಗರ ಸಮೂಹ’ ಎಂಬ ಕಲ್ಪನೆ. ಒಂದು ಪಟ್ಟಣಕ್ಕೆ ಅಂಟಿಕೊಂಡು ಬೆಳೆದ ಊರುಗಳನ್ನೆಲ್ಲ ಒಟ್ಟಿಗೆ ಎಣಿಸುವ ಕ್ರಮ ಇದು. 2001ರಲ್ಲಿ ಕೇರಳದ ಮಲಪ್ಪುರಂ ಸಮೂಹದಲ್ಲಿ ಸುಮಾರು 1.7 ಲಕ್ಷ ಜನರಿದ್ದರು. ಹತ್ತೇ ವರ್ಷದಲ್ಲಿ ಸುಮಾರು 17 ಲಕ್ಷ! ವಲಸೆಯ ಪ್ರವಾಹವೇನೂ ಅಲ್ಲಿಗೆ ಹರಿದಿರಲಿಲ್ಲ. ಒತ್ತೊತ್ತಾಗಿ ಮನೆಗಳಿದ್ದು, ಬೇಸಾಯ ಬಿಟ್ಟವರೇ ಹೆಚ್ಚಿದ್ದ ಗ್ರಾಮಗಳು ಗಣತಿ ಪಟ್ಟಣಗಳಾಗಿ ಸಮೂಹದೊಳಕ್ಕೆ ಸೇರಿಕೊಂಡವು, ಅಷ್ಟೆ. ಮಲಪ್ಪುರಂ ನಗರಸಭೆಯ ವ್ಯಾಪ್ತಿಯಲ್ಲಿದ್ದವರು ಲಕ್ಷದ ಆಸುಪಾಸು ಜನ. ಇದು ಗೊತ್ತಿಲ್ಲದವರು 2020ರಲ್ಲಿ ಅದನ್ನು ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆಯುತ್ತಿರುವ ನಗರವೆಂದು ಸುದ್ದಿ ಮಾಡಿದರು. ಅದೇ 2011ರಲ್ಲಿ ಕೇರಳದ ಏಳು ಸಮೂಹಗಳು ಹತ್ತು ಲಕ್ಷ ದಾಟಿದರೆ ಕರ್ನಾಟಕದಲ್ಲಿ ದಾಟಿದ್ದು ಬೆಂಗಳೂರೊಂದೇ. ಮೈಸೂರು ಸಮೂಹ ಸುಮಾರು 9.9 ಲಕ್ಷಕ್ಕೆ, ಹುಬ್ಬಳ್ಳಿ-ಧಾರವಾಡ ಸುಮಾರು 9.4 ಲಕ್ಷಕ್ಕೆ ನಿಂತವು.

ಬೆಂಗಳೂರಿನದೂ ಇಂಥದ್ದೇ ಕಥೆ. ಪಾಲಿಕೆಯ ಜನಸಂಖ್ಯೆ 2001ರಲ್ಲಿ 43 ಲಕ್ಷ, 2011ರಲ್ಲಿ 84 ಲಕ್ಷ. ಸುಮಾರು ಎರಡು ಪಟ್ಟು. ಸಮೂಹದ ಲೆಕ್ಕ ಹಿಡಿದರೆ 57 ಲಕ್ಷದಿಂದ 85 ಲಕ್ಷ, ಏರಿಕೆ ಅರ್ಧದಷ್ಟು. ನಡುವೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಗಿತ್ತು. ‘ಬೆಂಗಳೂರು ದಶಕದಲ್ಲಿ ಇಮ್ಮಡಿಯಾಯಿತು’ ಎಂಬ ವಾಕ್ಯ ಈ ವಿಲೀನವನ್ನು ಮರೆತದ್ದರ ಫಲ.

ವಿಶ್ವಸಂಸ್ಥೆ ಬೃಹನ್ನಗರಕ್ಕೆ ಮೊದಲು 80 ಲಕ್ಷವನ್ನು, ಆಮೇಲೆ ಒಂದು ಕೋಟಿಯನ್ನು ಗೆರೆಯಾಗಿಸಿತು. ಎಲ್ಲ ದೇಶಗಳಿಗೂ ಒಂದೇ ಅಳತೆ ಇರಲೆಂದು ಅದರ ಸಂಖ್ಯಾಶಾಸ್ತ್ರ ಆಯೋಗ 2020ರಲ್ಲಿ ಹೊಸ ವಿಧಾನವೊಂದನ್ನು ಅನುಮೋದಿಸಿತು. ಆಡಳಿತದ ಗಡಿ ಬದಿಗಿಟ್ಟು, ಚದರ ಕಿ.ಮೀ.ಗೆ 1,500 ಜನರಿರುವ ನೆಲದ ಚೌಕಗಳು ಎಡೆಬಿಡದೆ ಕೂಡಿ 50,000 ಜನರಾದರೆ ಅದು ನಗರ. 2018ರ ಪಟ್ಟಿಯಲ್ಲಿ ಸುಮಾರು ಒಂದು ಕೋಟಿಯ ಜಕಾರ್ತ ಹೊಸ ವಿಧಾನದ 2025ರ ಪಟ್ಟಿಯಲ್ಲಿ ಸುಮಾರು 4.2 ಕೋಟಿಯಾಗಿ, ಟೋಕಿಯೊವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿತು.

ಭಾರತದಲ್ಲಿ 2021ರ ಗಣತಿ ನಡೆಯದ ಕಾರಣ ಮೇಲಿನ ಮಿತಿಗಳೆಲ್ಲ 2011ರ ಅಂಕಿಗಳ ಮೇಲೆಯೇ ನಿಂತಿವೆ. ಮುಂದಿನ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅದಕ್ಕಾಗಿ ಆಡಳಿತ ಗಡಿಗಳನ್ನು 2025ರ ಅಂತ್ಯಕ್ಕೆ ಸ್ಥಿರಗೊಳಿಸಬೇಕೆಂದು ರಾಜ್ಯಗಳಿಗೆ ಸೂಚನೆ ಹೋಗಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ಬೆಂಗಳೂರು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳಾಗಿ ಒಡೆಯಿತು.