ದ್ವಾರನಿಯಮಗಳು: ರೂಟರುಗಳ ಮಾರ್ಗನಿರ್ಣಯದ ಇತಿಹಾಸ ಕುರಿತು ಒಂದು ವಿವೇಚನೆ

ಜಯನಗರದ ನಾಲ್ಕನೆಯ ಬ್ಲಾಕಿನಿಂದ ಬನಶಂಕರಿಯ ಎರಡನೆಯ ಹಂತಕ್ಕೆ ನೆಲದ ದಾರಿ ನಾಲ್ಕೈದು ಕಿಲೋಮೀಟರುಗಳನ್ನು ಮೀರದು. ಆದರೆ 1998ರ ನವೆಂಬರಿನಲ್ಲಿ ಅಂತರಜಾಲ ಸೇವೆಯು ಖಾಸಗಿ ಸಂಸ್ಥೆಗಳಿಗೂ ತೆರೆದ ಮೇಲಣ ಕೆಲವು ವರ್ಷಗಳಲ್ಲಿ, ಈ ಎರಡು ಬಡಾವಣೆಗಳ ಇಬ್ಬರು ನಿವಾಸಿಗಳು ಬೇರೆ ಬೇರೆ ಸಂಸ್ಥೆಗಳ ಗ್ರಾಹಕರಾಗಿದ್ದ ಪಕ್ಷದಲ್ಲಿ, ಒಬ್ಬನ ಗಣಕದಿಂದ ಹೊರಟ ಸಂದೇಶವು ಸಮುದ್ರವನ್ನು ದಾಟಿ, ಹೊರದೇಶದ ಯಾವುದೋ ಸಂಧಿಸ್ಥಾನವನ್ನು ಮುಟ್ಟಿ, ಮರಳಿ ಸಮುದ್ರವನ್ನು ದಾಟಿ ಇನ್ನೊಬ್ಬನನ್ನು ಸೇರುವುದು ಅಪರೂಪವಾಗಿರಲಿಲ್ಲ. ಸ್ವದೇಶದ ಸಂಚಾರವು ಸ್ವದೇಶದಲ್ಲಿಯೇ ಉಳಿಯಬೇಕೆಂಬ ಉದ್ದೇಶದಿಂದಲೇ 2003ರಲ್ಲಿ ನಿಕ್ಸಿ ಎಂಬ ರಾಷ್ಟ್ರೀಯ ವಿನಿಮಯ ಸಂಸ್ಥೆ ಸ್ಥಾಪಿತವಾಯಿತು. ಈ ಪ್ರದಕ್ಷಿಣೆಗೆ ತಂತಿಯ ಅಭಾವವೊಂದೇ ಕಾರಣವೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಮುಖ್ಯ ಕಾರಣವಿದ್ದುದು ಪ್ರತಿಯೊಂದು ರೂಟರಿನ ದ್ವಾರದಲ್ಲಿ ಏನನ್ನು ಸಾರಬೇಕು, ಏನನ್ನು ಮರೆಮಾಡಬೇಕು ಎಂಬ ನಿಯಮಗಳಲ್ಲಿ. ಆ ನಿಯಮಗಳು ಇತಿಹಾಸಕಾರನ ಗಮನಕ್ಕೆ ಅರ್ಹವೆಂಬುದು ಪ್ರಕೃತ ಲೇಖನದ ವಾದ.

ರೂಟರೆಂದರೆ ಹಲವು ಜಾಲಗಳು ಕೂಡುವ ಚಾವಡಿ. ಅದರ ಒಂದೊಂದು ಇಂಟರ್ಫೇಸೂ ಒಂದೊಂದು ದ್ವಾರ. ಹಳೆಯ ಬೆಂಗಳೂರು ಪೇಟೆಗೆ ಹಲಸೂರು, ಯಲಹಂಕ, ಕೆಂಗೇರಿ, ಆನೇಕಲ್ಲು ಮೊದಲಾದ ಬಾಗಿಲುಗಳಿದ್ದುವಷ್ಟೆ. ಬಾಗಿಲಿನ ಹೆಸರೇ ಅದರಾಚೆಗೆ ಯಾವ ಊರು ಸಿಕ್ಕುವುದೆಂಬುದನ್ನು ಸಾರುತ್ತಿತ್ತು. ರೂಟರುಗಳೂ ಇದನ್ನೇ ಮಾಡುತ್ತವೆ: ನನ್ನ ಈ ಬಾಗಿಲಿನ ಮೂಲಕ ಇಂಥಿಂಥ ಜಾಲಗಳನ್ನು ತಲಪಬಹುದೆಂದು ನೆರೆಯವರಿಗೆ ಸಾರುತ್ತವೆ, ಅವರು ಸಾರಿದುದನ್ನು ಕೇಳಿಕೊಳ್ಳುತ್ತವೆ. ಈ ಸಂಭಾಷಣೆಯ ಕಟ್ಟಳೆಗೆ ಮಾರ್ಗನಿರ್ಣಯದ ಪ್ರೋಟೊಕಾಲು ಎಂದು ಹೆಸರು.

ಇವುಗಳಲ್ಲಿ ಹಳೆಯದಾದ ಆರ್.ಐ.ಪಿ. ಬರ್ಕ್ಲಿಯ ಯೂನಿಕ್ಸಿನೊಡನೆ ಹರಡಿ, 1988ರ ಜೂನಿನಲ್ಲಿ ಚಾರ್ಲ್ಸ್ ಹೆಡ್ರಿಕ್ ಅವರಿಂದ ವಿಧಿವತ್ತಾದ ಲಿಖಿತ ರೂಪವನ್ನು ಪಡೆಯಿತು. ಅದಕ್ಕೆ ದೂರವೆಂದರೆ ನಡುವಣ ಚಾವಡಿಗಳ ಸಂಖ್ಯೆ ಮಾತ್ರ. 15ನ್ನು ಮೀರಿದರೆ ಅದು ಅಗಮ್ಯ. 30 ಸೆಕೆಂಡುಗಳಿಗೊಮ್ಮೆ ತನ್ನ ಪಟ್ಟಿಯನ್ನೆಲ್ಲ ಓದಿ ಹೇಳುವುದು ಅದರ ಪದ್ಧತಿ. ಆದರೆ ಒಂದು ಬಾಗಿಲಿನಿಂದ ಕೇಳಿದ ವಾರ್ತೆಯನ್ನು ಅದೇ ಬಾಗಿಲಿಗೆ ಹಿಂದಿರುಗಿಸಿ ಹೇಳಕೂಡದೆಂಬ ಕಟ್ಟಳೆಯೂ ಉಂಟು. ಇದಿಲ್ಲದಿದ್ದರೆ, ಕೆಟ್ಟುಹೋದ ದಾರಿಯೊಂದನ್ನು ಇಬ್ಬರು ನೆರೆಯವರು ಪರಸ್ಪರರ ಮಾತಿನ ಮೇಲೆ ಇನ್ನೂ ಇದೆಯೆಂದು ನಂಬಿಕೊಂಡೇ ಇರುತ್ತಿದ್ದರು. ಊರಿನ ಗಾಳಿಮಾತಿಗೂ ಇಂಥದೊಂದು ನಿಯಮವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

1989ರಲ್ಲಿ ಜಾನ್ ಮಾಯ್ ಅವರು ಪ್ರಕಟಿಸಿದ ಓ.ಎಸ್.ಪಿ.ಎಫ್. ಈ ದೃಷ್ಟಿಯನ್ನೇ ಬದಲಿಸಿತು. ಡೈಕ್‌ಸ್ಟ್ರಾ ಅವರು 1959ರಲ್ಲಿ ಪ್ರಕಟಿಸಿದ ಕನಿಷ್ಠ ಮಾರ್ಗದ ಗಣಿತವನ್ನು ಆಧರಿಸಿದ ಈ ಪದ್ಧತಿಯಲ್ಲಿ ಪ್ರತಿ ದ್ವಾರಕ್ಕೂ ಒಂದು ವೆಚ್ಚ ನಿಗದಿಯಾಗಿರುತ್ತದೆ. ಸಿಸ್ಕೊ ಸಂಸ್ಥೆಯ ಉಪಕರಣಗಳು ವಾಡಿಕೆಯಂತೆ 10 ಕೋಟಿಯನ್ನು ದ್ವಾರದ ವೇಗದಿಂದ ಭಾಗಿಸಿ ಈ ವೆಚ್ಚವನ್ನು ಕಟ್ಟುತ್ತವೆ. ಉದಾಹರಣೆಗಾಗಿ, ಜಯನಗರದ ಒಂದು ಕಾಲೇಜಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಸೆಕೆಂಡಿಗೆ 64 ಸಾವಿರ ಬಿಟ್ಟುಗಳ ನೇರ ತಂತಿಯೂ, ಬಿ.ಟಿ.ಎಂ. ಬಡಾವಣೆಯ ಮೂಲಕ ಸುಮಾರು 20 ಲಕ್ಷ ಬಿಟ್ಟುಗಳ ಎರಡು ತಂತಿಗಳ ಸುತ್ತುದಾರಿಯೂ ಇದ್ದುವೆಂದು ಭಾವಿಸೋಣ. ಆರ್.ಐ.ಪಿ. ಕಣ್ಣುಮುಚ್ಚಿ ನೇರದಾರಿಯನ್ನೇ ಹಿಡಿಯುತ್ತದೆ. ಓ.ಎಸ್.ಪಿ.ಎಫ್. ನೇರದಾರಿಗೆ 1562 ಎಂದೂ, ಸುತ್ತುದಾರಿಗೆ 48ರಂತೆ ಎರಡು ಸೇರಿ 96 ಎಂದೂ ಎಣಿಸಿ, ಸುತ್ತುದಾರಿಯನ್ನು ಆರಿಸುತ್ತದೆ. ಮುಂದೆ ವೇಗ ಹೆಚ್ಚಿದಂತೆ ಈ ಲೆಕ್ಕವೇ ಕುರುಡಾಯಿತೆಂಬುದು ಗಮನಾರ್ಹ: 10 ಕೋಟಿ ಬಿಟ್ಟುಗಳ ದ್ವಾರಕ್ಕೂ 100 ಕೋಟಿಯ ದ್ವಾರಕ್ಕೂ ವೆಚ್ಚ ಒಂದೇ ಆಗಿ, ಆಡಳಿತಗಾರರು ತಾವೇ ಕೈಯಿಂದ ಅಂಕಿಗಳನ್ನು ಬರೆಯಬೇಕಾಯಿತು.

ಮೌನವೂ ಒಂದು ನಿಯಮವೇ. ವಿದ್ಯಾರ್ಥಿಗಳ ಗಣಕಗಳಿರುವ ಕಡೆಯ ದ್ವಾರದಲ್ಲಿ ಮಾರ್ಗವಾರ್ತೆಯನ್ನು ಸಾರಬೇಕಾದ ಅಗತ್ಯವಿಲ್ಲ. ಅದನ್ನು ಮೌನದ್ವಾರವೆಂದು ಗೊತ್ತುಪಡಿಸುತ್ತಾರೆ. ಆದರೆ ಒಂದೇ ಆಜ್ಞೆಯ ಅರ್ಥ ಎರಡು ಪದ್ಧತಿಗಳಲ್ಲಿ ಬೇರೆ. ಆರ್.ಐ.ಪಿ.ಯಲ್ಲಿ ಮೌನದ್ವಾರವು ಮಾತಾಡದು, ಆದರೆ ಕೇಳುತ್ತದೆ. ಆದುದರಿಂದ ಹೊರಗಿನವನೊಬ್ಬನು ಹೇಳಿದ ಸುಳ್ಳು ದಾರಿಯನ್ನೂ ನಂಬಬಹುದು. ಓ.ಎಸ್.ಪಿ.ಎಫ್.ನಲ್ಲಿ ಕುಶಲಪ್ರಶ್ನೆಯೇ ನಿಲ್ಲುವುದರಿಂದ ನೆರೆತನವೇ ಏರ್ಪಡದು.

ಸಂಸ್ಥೆ ಸಂಸ್ಥೆಗಳ ನಡುವಣ ಗಡಿಯಲ್ಲಿ ಆಳುವುದು ಬಿ.ಜಿ.ಪಿ. ಇದನ್ನು ಲೋಹೀಡ್ ಮತ್ತು ರೆಖ್ಟರ್ ಅವರು 1989ರಲ್ಲಿ ಊಟದ ಮೇಜಿನ ಕಾಗದದ ಕರವಸ್ತ್ರಗಳ ಮೇಲೆ ಗೀಚಿದರೆಂಬುದು ಪ್ರಸಿದ್ಧ. ಇಲ್ಲಿ ವೇಗಕ್ಕಿಂತ ಒಡಂಬಡಿಕೆ ದೊಡ್ಡದು. ಜಯನಗರದ ಸಂದೇಶ ಸಮುದ್ರ ದಾಟಿದುದು ಇದರಿಂದಲೇ: ಪೈಪೋಟಿಯಲ್ಲಿದ್ದ ಎರಡು ಸಂಸ್ಥೆಗಳು ಪರಸ್ಪರ ದ್ವಾರ ತೆರೆಯದೆ, ತಂತಮ್ಮ ವಿದೇಶೀ ಪೂರೈಕೆದಾರರಿಗೆ ಮಾತ್ರ ದಾರಿಗಳನ್ನು ಸಾರಿದರೆ, ಅವು ಕೂಡುವ ಸ್ಥಳ ವಿದೇಶವೇ ಆಗಬೇಕಷ್ಟೆ. ಇದಕ್ಕೆ ವಿರುದ್ಧವಾದ ಪ್ರಮಾದವೂ ಉಂಟು. 2008ರ ಫೆಬ್ರವರಿ 24ರಂದು ಪಾಕಿಸ್ತಾನದ ಟೆಲಿಕಾಂ ಸಂಸ್ಥೆಯು ಯೂಟ್ಯೂಬನ್ನು ತನ್ನ ದೇಶದೊಳಗೆ ತಡೆಯಲೆಂದು ಸೃಷ್ಟಿಸಿದ ದಾರಿಯು ಗಡಿದ್ವಾರದಿಂದ ಹೊರಬಿದ್ದು, ಸುಮಾರು ಎರಡು ಗಂಟೆಗಳ ಕಾಲ ಜಗತ್ತಿನ ಬಹುಭಾಗದಲ್ಲಿ ಆ ತಾಣವೇ ಸಿಕ್ಕದಂತಾಯಿತು.

ಬೆಂಗಳೂರಿನ ಮಟ್ಟಿಗೆ ಈ ಚರಿತ್ರೆಯ ಆರಂಭವನ್ನು 1986ರ ಎರ್ನೆಟ್ ಯೋಜನೆಯಲ್ಲಿ ಹುಡುಕಬೇಕು. ಅದರ ಆದಿಸಂಸ್ಥೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಆ ಜಾಲದಲ್ಲಿ ಮೊದಮೊದಲು ಎರಡು ಪ್ರೋಟೊಕಾಲು ಸಂಪ್ರದಾಯಗಳು ಜೊತೆಜೊತೆಗೆ ನಡೆದು, 1995ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಸಂಚಾರವೂ ಟಿ.ಸಿ.ಪಿ.-ಐ.ಪಿ.ಯ ಮೇಲೆಯೇ ನಡೆಯತೊಡಗಿತು. ಇಂಥ ಪರಿವರ್ತನೆಯ ನಿಜವಾದ ದಾಖಲೆ ಸಮಿತಿಗಳ ವರದಿಗಳಿಗಿಂತ ಹೆಚ್ಚಾಗಿ ರೂಟರುಗಳ ವಿನ್ಯಾಸಕಡತಗಳಲ್ಲಿದೆ. ಯಾವ ದ್ವಾರ ಯಾರ ಕಡೆಗೆ, ಯಾವುದಕ್ಕೆ ಎಷ್ಟು ವೆಚ್ಚ, ಯಾರಿಗೆ ಏನನ್ನು ಹೇಳಕೂಡದು ಎಂಬುದೆಲ್ಲ ಅಲ್ಲಿ ಸಾಲುಸಾಲಾಗಿ ಬರೆದಿದೆ. ಹಲವೊಮ್ಮೆ ಪ್ರತಿ ದ್ವಾರದ ಕೆಳಗೆ ಆಡಳಿತಗಾರನ ಒಕ್ಕಣೆಯೂ ಇರುತ್ತದೆ. ಸುಂಕದ ವಿಷಯವನ್ನು ಹೇಳುವ ಶಾಸನಕ್ಕೆ ನಾವು ಕೊಡುವ ಬೆಲೆಯನ್ನು ಇವಕ್ಕೂ ಕೊಡಬೇಕು. ಹೊಸ ಉಪಕರಣ ಬಂದೊಡನೆ ಹಳೆಯದರ ಕಡತವನ್ನು ಅಳಿಸಿ ಗುಜರಿಗೆ ಕಳುಹಿಸುವುದು ವಾಡಿಕೆ. ನಮ್ಮ ದಕ್ಷಿಣ ಭಾಗದ ಕಾಲೇಜುಗಳೂ ಉದ್ಯಮಗಳೂ, ಅಳಿಸುವ ಮುನ್ನ ಗುಪ್ತಪದಗಳನ್ನಷ್ಟೇ ತೆಗೆದು, ತಾರೀಖು ನಮೂದಿಸಿದ ಒಂದು ಮುದ್ರಿತ ಪ್ರತಿಯನ್ನು ತಮ್ಮ ಗ್ರಂಥಭಂಡಾರದಲ್ಲಿ ಇರಿಸತಕ್ಕದ್ದು.