ವಂತಿಗೆ ರಸೀದಿಯಿಂದ ರೇಷನ್ ಕಾರ್ಡಿಗೆ

ಕರ್ನಾಟಕದ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಆರೋಗ್ಯ ವಿಮೆ 2003ರ ಜೂನ್‌ನಲ್ಲಿ ಜಾರಿಗೆ ಬಂದಾಗ ವಂತಿಗೆ ವರ್ಷಕ್ಕೆ 60 ರೂಪಾಯಿ. ಬೆಳೆಸಾಲಕ್ಕೂ ಗೊಬ್ಬರಕ್ಕೂ ಹೋಗುತ್ತಿದ್ದ ಸಹಕಾರ ಸಂಘದಲ್ಲೇ ದುಡ್ಡು ಕಟ್ಟಿ ರಸೀದಿ ಪಡೆದ ರೈತನಿಗೆ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಕೂಡ ಕೈಯಿಂದ ಹಣ ಹಾಕದೆ ಆಗುತ್ತಿತ್ತು. ಹೃದಯ ಶಸ್ತ್ರಚಿಕಿತ್ಸಕ ದೇವಿ ಶೆಟ್ಟಿಯವರ ಆಲೋಚನೆಗೆ ಸಹಕಾರ ಇಲಾಖೆಯ ಜಾಲ ಜೊತೆಗೂಡಿ, ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ರೈತರ ಪುಡಿಗಾಸಿನಿಂದಲೇ ನಡೆದ ಪವಾಡ ಎಂದು ಇದನ್ನು ಬಣ್ಣಿಸುವುದು ರೂಢಿ. ಆದರೆ ಆ ಪುಡಿಗಾಸಿನ ಜೊತೆಗೆ ಮೊದಲ ವರ್ಷದಿಂದಲೇ ಸರ್ಕಾರದ ಕೋಟಿಗಳೂ ಇದ್ದವು. ಮೂರನೇ ವರ್ಷ ವಂತಿಗೆ 120ಕ್ಕೆ ಏರಿತು. 20 ಲಕ್ಷ ಮುಟ್ಟಿದ್ದ ಸದಸ್ಯರ ಸಂಖ್ಯೆ 15 ಲಕ್ಷದ ಆಸುಪಾಸಿಗೆ ಕುಸಿಯಿತು.

ಐಚ್ಛಿಕ ವಿಮೆಯ ತೊಡಕೆಲ್ಲ ಈ ಕುಸಿತದಲ್ಲೇ ಇದೆ. ಮನೆಯಲ್ಲಿ ಹರ್ನಿಯಾವೋ ಎದೆನೋವೋ ಇದ್ದವರು ಸಾಲ ಮಾಡಿಯಾದರೂ ವಂತಿಗೆ ಕಟ್ಟುತ್ತಾರೆ, ಗಟ್ಟಿಮುಟ್ಟಾದವರು ಈ ವರ್ಷ ಬೇಡವೆಂದು ಬಿಡುತ್ತಾರೆ. ಅದು ಕಳ್ಳಾಟವಲ್ಲ, ಸಂಸಾರದ ಲೆಕ್ಕ. ಆದರೆ ಹಾಗೆ ಉಳಿದವರಲ್ಲಿ ರೋಗಿಗಳೇ ಹೆಚ್ಚಾದರೆ ವಂತಿಗೆ ಮತ್ತೆ ಏರಬೇಕು, ಏರಿದರೆ ಇನ್ನಷ್ಟು ಜನ ಬಿಡುತ್ತಾರೆ. ಸಂಘದ ಸದಸ್ಯತ್ವವೇ ಇಲ್ಲದ ಕೂಲಿಯವರಂತೂ ಬಾಗಿಲ ಹೊರಗೇ. ಎಲ್ಲರನ್ನೂ ಒಳಗೆ ತರುವ ಶಕ್ತಿ ತೆರಿಗೆ ಎತ್ತುವ ಸರ್ಕಾರಕ್ಕೆ ಮಾತ್ರ ಇದೆ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯೂ ನಮ್ಮ ರಾಜ್ಯದ್ದೇ.

2010ರಲ್ಲಿ ಆಗಿನ ಗುಲ್ಬರ್ಗ ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀಯಲ್ಲಿ ವಂತಿಗೆಯೇ ಇರಲಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಸಾಕು. ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ, ಸುಟ್ಟಗಾಯದಂಥ ದೊಡ್ಡ ಖರ್ಚುಗಳನ್ನು ಸರ್ಕಾರದ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಪಾವತಿಸುತ್ತಿತ್ತು, ನಡುವೆ ವಿಮಾ ಕಂಪನಿ ಇರಲಿಲ್ಲ. ಹಳ್ಳಿಗಳ ಕಡೆ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುತ್ತಿದ್ದರು; ಆಸ್ಪತ್ರೆಯಲ್ಲಿ ಕಾಗದಪತ್ರಕ್ಕೆ ನೆರವಾಗಲು ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಿದ್ದ. ದಕ್ಷಿಣದ ಜಿಲ್ಲೆಗಳಿಗೆ ಇದು ವಿಸ್ತರಿಸಿದ್ದು 2012ರಲ್ಲಿ. ಈ ತಡ ಸಂಶೋಧಕರಿಗೆ ವರವಾಯಿತು (ದಕ್ಷಿಣದ ರೋಗಿಗಳಿಗಲ್ಲ). ಯೋಜನೆಯ ವ್ಯಾಪ್ತಿಯ ಗಡಿಯ ಈಚೆ, ಅದು ಇದ್ದ 300 ಹಳ್ಳಿಗಳನ್ನು, ಆಚೆ ಇಲ್ಲದ 272 ಹಳ್ಳಿಗಳ ಜೊತೆ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಯೋಜನೆ ಇಲ್ಲದ ಕಡೆ ಶೇ 0.90, ಇದ್ದ ಕಡೆ ಶೇ 0.32. ಕಾರ್ಡ್ ಇಲ್ಲದ ಅನುಕೂಲಸ್ಥರಲ್ಲಿ ಇಂಥ ಅಂತರ ಕಾಣಲಿಲ್ಲ. ಹೀಗಾಗಿ ಊರಿನ ಗಾಳಿ ನೀರಿನ ವ್ಯತ್ಯಾಸ ಎಂದು ತಳ್ಳಿಹಾಕುವುದು ಕಷ್ಟ.

ಇಂಥ ಯೋಜನೆಗಳ ಹಣ ಖಾಸಗಿ ಆಸ್ಪತ್ರೆಗಳ ಪಾಲಾಗುತ್ತದೆ, ಅದನ್ನೇ ಸರ್ಕಾರಿ ಆಸ್ಪತ್ರೆಗೆ ಹಾಕಬಾರದೇ ಎಂಬ ಆಕ್ಷೇಪಕ್ಕೆ ತೂಕವಿದೆ. 2018ರ ಆರೋಗ್ಯ ಕರ್ನಾಟಕ ಯೋಜನೆ ಇದಕ್ಕೆ ಅರ್ಧ ಉತ್ತರ ಕೊಟ್ಟಿತು: ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದ ಚಿಕಿತ್ಸೆಗೆ ಮಾತ್ರ ಅಲ್ಲಿಂದಲೇ ಚೀಟಿ ಪಡೆದು ಖಾಸಗಿಗೆ. ತುರ್ತು ಪ್ರಸಂಗಗಳಿಗೆ ವಿನಾಯಿತಿ. ಚೀಟಿಗಾಗಿ ಅಲೆದಾಟ ಹೆಚ್ಚಿತೆಂಬ ದೂರು ಬಂದದ್ದೂ ನಿಜ, ಆದರೂ ಸರ್ಕಾರಿ ಹಾಸಿಗೆಗೂ ಯೋಜನೆಯ ಹಣ ಹರಿಯುವ ದಾರಿ ಅದು. ಬೇಡದ ಶಸ್ತ್ರಚಿಕಿತ್ಸೆ ಮಾಡಿ ಬಿಲ್ ಹಾಕುತ್ತಾರೆಂಬ ಇನ್ನೊಂದು ದೂರಿಗೆ ಮದ್ದು ಪೂರ್ವಾನುಮತಿ ಮತ್ತು ತಪಾಸಣೆ. ದುಡ್ಡು ಕೊಡುವವನು ಒಬ್ಬನೇ ಆದರೆ ಸುಳ್ಳು ಬಿಲ್ ಹಿಡಿಯುವುದೂ, ದರ ನಿಗದಿ ಮಾಡುವುದೂ ಸುಲಭ. ನನಗೆ ಕಾಣುವ ನಿಜವಾದ ಕೊರತೆ ಬೇರೆ. ಬಿಪಿ, ಸಕ್ಕರೆ ಕಾಯಿಲೆಯ ತಿಂಗಳ ಮಾತ್ರೆಗೆ ಈ ಯಾವ ಕಾರ್ಡೂ ಮೆಡಿಕಲ್ ಶಾಪಿನಲ್ಲಿ ನಡೆಯುವುದಿಲ್ಲ.

ಇನ್ನು ಮೊದಲು ಹೇಳಿದ ಯಶಸ್ವಿನಿಯ ಕಥೆ: ಅದನ್ನು 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. ಸಹಕಾರ ವಲಯದ ಒತ್ತಾಯಕ್ಕೆ ಮಣಿದು 2022-23ರ ಬಜೆಟ್‌ನಲ್ಲಿ ಅದು ಮರಳಿ ಬಂತು, ಈ ಸಲ ಸರ್ಕಾರದ 300 ಕೋಟಿ ರೂಪಾಯಿಯ ಜೊತೆ.